ತಾಯಿ ಅಳಿಲು ಪೇಟೆಗೆ ಹೋದದ್ದು

ಶನಿವಾರ ಪೇಠ, ಪುಣೆ
೧೮ ಸೆಪ್ಟೆಂಬರ್ ೧೯೪೩

ಚಿರಂಜೀವಿ ಪ್ರಲ್ಹಾದನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀ ತಮ್ಮಾ? ಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತಿದ್ದದ್ದು ನಿಂತಿತೇ? ನೀವಿರುವ ಆ ಮರಳಿನ ಸೀಮೆಯಲ್ಲಿ ಸೈನ್ಯದ ಗುಮಾಸ್ತರಿಗೂ ಸಿಪಾಯಿಗಳಷ್ಟೇ ಬಿಸಿಲು ಎಂದು ನೀನು ಬರೆದಿದ್ದೆ. ತಲೆಗೆ ಒದ್ದೆ ಬಟ್ಟೆ ಕಟ್ಟಿಕೋ, ನಾಚಬೇಡ. ನಾನು ಇದ್ದೇನೆ. ಬೆಳಿಗ್ಗೆ ರೇಷನ್ನಿನ ಸಾಲು, ಮಧ್ಯಾಹ್ನ ಮಕ್ಕಳು. ಸಂಜೆ ಕವಿತೆಯ ಪುಸ್ತಕ ಬಿಚ್ಚಿದರೆ ಎರಡು ಸಾಲಿಗೆ ಕಣ್ಣು ಮುಚ್ಚುತ್ತದೆ. ಮರುದಿನ ಮತ್ತೆ ಅವೇ ಎರಡು ಸಾಲು. ಐವತ್ತು ಇನ್ನೂ ತುಂಬಿಲ್ಲ, ಮೈ ಮಾತ್ರ ಮುಂದೆ ಹೋಗಿ ಕೂತಿದೆ. ನಿನ್ನ ಮಗಳು ಅಂಬಾ ಆರೋಗ್ಯವಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ನೀನೇ.

ವಾಡೆಯ ಪಡಸಾಲೆಯಲ್ಲಿ ನಮ್ಮ ಕನ್ನಡ ಮಂದಿಯ ಮಕ್ಕಳಿಗೆ ನಾನು ನಡೆಸುವ ವರ್ಗದ ಸುದ್ದಿ ಕೇಳಿದ್ದೆಯಲ್ಲ. ಧಾರವಾಡ, ಬೆಳಗಾವಿ ಕಡೆಯ ಗುಮಾಸ್ತರ, ವ್ಯಾಪಾರಿಗಳ ಮಕ್ಕಳು, ಅವರ ನಡುವೆ ಅಂಬಾ. ಬಂದ ಹೊಸದರಲ್ಲಿ ಒಬ್ಬರನ್ನೊಬ್ಬರು ನೂಕುವುದು, ಪಾಟಿ ಕಸಿಯುವುದು ಇಷ್ಟೇ. ಕೂಡಿ ಒಂದು ಕೆಲಸ ಮಾಡಲಿ ಎಂದು ಎಲ್ಲರಿಂದ ಒಂದೇ ಕಥೆ ಹೇಳಿಸತೊಡಗಿದೆ. ದುಂಡಗೆ ಕೂಡುವುದು, ಬಟ್ಟೆಯ ಚೆಂಡು ಯಾರ ಕೈಗೆ ಬರುತ್ತದೋ ಅವರು ಒಂದು ಮಾತು ಹೇಳಿ ಪಕ್ಕದವರಿಗೆ ಕೊಡುವುದು. ಹಿಂದಿನವರು ಹೇಳಿದ್ದನ್ನು ಅಳಿಸುವಂತಿಲ್ಲ, ಅದಕ್ಕೆ ಕೂಡಿಸಬೇಕು. ಎದುರು ಮನೆಯ ಕಾಶವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು, ‘ಎಂ.ಎ. ಓದಿ ಚೆಂಡಾಟ ಕಲಸ್ಲಿಕ್ಕೆ ಹತ್ಯಾರ ನೋಡ್ರಿ ನಮ್ಮ ಅಕ್ಕೋರು’ ಎಂದು. ಮೊದಮೊದಲು ಕಥೆ ಎರಡು ಸುತ್ತು ಬಾಳುತ್ತಿರಲಿಲ್ಲ. ಎಣ್ಣೆ ವ್ಯಾಪಾರಿಯ ಮಗ ಮುರುಗೆಪ್ಪ ಚೆಂಡು ಸಿಕ್ಕ ಕೂಡಲೇ ಹುಲಿ ತಂದು ಎಲ್ಲರನ್ನೂ ತಿನ್ನಿಸಿಬಿಡುತ್ತಿದ್ದ. ‘ಮುಗೀತ್ರಿ ಅಕ್ಕೋರ, ಮನಿಗೆ ಹೋಗೂಣು.’

ಈ ಮಳೆಗಾಲದಲ್ಲಿ ಒಂದು ಅಳಿಲಿನ ಕಥೆ ಎದ್ದಿತು. ತಾಯಿ ಅಳಿಲು ಮರಿಯನ್ನು ಪೊಟರೆಯಲ್ಲಿ ಬಿಟ್ಟು ಶೇಂಗಾ ತರಲು ಪೇಟೆಗೆ ಹೋಯಿತು. ಅಲ್ಲಿಂದ ಕಥೆ ದಿನಗಟ್ಟಲೆ ನಡೆಯಿತು, ಯಾರೂ ಜಗಳವಾಡಲಿಲ್ಲ. ರೇಷನ್ ಸಾಲು ದೊಡ್ಡದಿತ್ತು, ತಾಯಿ ನಿಂತಿತು. ಟಾಂಗಾದವನು ದಾರಿ ತಪ್ಪಿಸಿದ. ಮಿಲಿಟರಿ ಲಾರಿ ಹತ್ತಿ ಖಡಕಿಯ ಸೈನ್ಯದ ಠಾಣೆಗೆ ಹೋಯಿತು. ಒಬ್ಬರ ಮಾತನ್ನು ಮತ್ತೊಬ್ಬರು ಎಷ್ಟು ಜೋಪಾನವಾಗಿ ಎತ್ತಿಕೊಂಡರೆಂದರೆ, ನನ್ನ ಪಾಠ ಕೊನೆಗೂ ಹತ್ತಿತು ಎಂದು ಹಿಗ್ಗಿದೆ. ಆಮೇಲೆ ಒಂದು ದಿನ ಶ್ಯಾಮ ‘ಹದ್ದು ಬಂತು’ ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಗೌರಾ ಅವನ ತೊಡೆ ಚಿವುಟಿದಳು. ಮುರುಗೆಪ್ಪ ಚೆಂಡು ಕಸಿದುಕೊಂಡು, ‘ಹದ್ದಿಗೆ ಹೊಟ್ಟಿ ಕಡೀಲಿಕ್ಕೆ ಹತ್ತಿತ್ತು, ಹೊಳ್ಳಿ ಹೋತು’ ಎಂದ. ಊರನ್ನೇ ಹುಲಿಗೆ ಹಾಕುತ್ತಿದ್ದ ಹುಡುಗ. ಆಗ ನನಗೆ ತಿಳಿಯಿತು. ಅಂಬಾಳ ಅವ್ವ ರಾಧಾ ಮಿರಜದ ದವಾಖಾನೆಯಲ್ಲಿ ತೀರಿಕೊಂಡದ್ದು ಈ ಮಕ್ಕಳಿಗೆಲ್ಲ ಗೊತ್ತಿತ್ತು. ‘ನಾನು ಬಂದು ಹೇಳುವ ತನಕ ಅಂಬಾಗೆ ಹೇಳಬೇಡಿ, ಅವ್ವ ಔಷಧಕ್ಕೆ ಹೋಗಿದ್ದಾಳೆ ಎನ್ನಿ’ ಎಂದು ನೀನು ಆಣೆ ಹಾಕಿ ಬರೆದೆ; ನಾನು ಓಣಿಯವರಿಗೆ ಹೇಳಿದೆ, ಅವರು ಮಕ್ಕಳಿಗೆ ಹೇಳಿದರು. ಅಂಬಾ ಎದುರಿಗೆ ತಾಯಿ ಅಳಿಲು ಸಾಯಬಾರದೆಂದು ಎಲ್ಲರೂ ಕೂಡಿ ಅದನ್ನು ಕಾಯುತ್ತಿದ್ದರು. ನಾನು ಹಿಗ್ಗಿದ್ದು ಇದಕ್ಕೆ.

ನಿನ್ನೆ ಚೆಂಡು ಅಂಬಾ ಕೈಗೆ ಬಂತು. ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, ‘ತಾಯಿ ಅಳಿಲು ಸತ್ತು ಹೋಗೇದ. ನಿಮಗೆಲ್ಲಾರಿಗೂ ಗೊತ್ತದ. ಮರಿಗೂ ಗೊತ್ತದ. ಇನ್ನ ಮುಂದಿಂದು ಹೇಳ್ರಿ’ ಎಂದು ಪಕ್ಕಕ್ಕೆ ಕೊಟ್ಟಳು. ಪಕ್ಕದಲ್ಲಿದ್ದವನು ಮುರುಗೆಪ್ಪ. ಅವನು ನನ್ನ ಮುಖ ನೋಡಿದ. ಅಳಿಸುವಂತಿಲ್ಲ ಎಂದು ಕಲಿಸಿದವಳೇ ನಾನು. ಮುರುಗೆಪ್ಪ ಚೆಂಡು ತಿರುಗಿಸುತ್ತ, ‘ಮರಿ ಭಾಳ ಅತ್ತಿತು. ಆಮ್ಯಾಲೆ ನಮ್ಮನಿಗೆ ಬಂತು. ನಮ್ಮವ್ವ ರೊಟ್ಟಿ ಕೊಟ್ಲು’ ಎಂದ. ಗೌರಾ ರೊಟ್ಟಿಗೆ ಬೆಣ್ಣೆ ಹಾಕಿದಳು. ಕಥೆ ಒಂದು ಸುತ್ತು ಹೋಗಿ ಬರುವುದರೊಳಗೆ ಮರಿಗೆ ಎಲ್ಲರ ಮನೆಯಲ್ಲೂ ಊಟವಾಗಿತ್ತು.

ಸಂಜೆ ಜಡೆ ಹಾಕುತ್ತ ಯಾವಾಗ ತಿಳಿಯಿತೆಂದು ಕೇಳಿದೆ. ‘ಒಮ್ಮೆಲೆ ಎಲ್ಲಾರೂ ನನ್ನ ಬೈಯೂದು ಬಿಟ್ರಲ್ಲಾ ಅತ್ಯಾ, ಅವಾಗ’ ಎಂದಳು. ನನ್ನ ತೊಡೆಯ ಮೇಲೆ ಮಲಗಿ ಅತ್ತಳು, ನಾನೂ ಅತ್ತೆ. ನಿನ್ನ ಆಣೆ ಹೀಗೆ ಮುರಿಯಿತಪ್ಪಾ. ಮುರಿದದ್ದನ್ನು ಕೂಡಿಸಿ ಇಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ, ಮನಸ್ಸೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಯಲಿ. ಕಾಶವ್ವ ನೆನೆಸಿದ್ದಾಳೆ.

ನಿನ್ನ ಅಕ್ಕ,
ಕೃಷ್ಣಾಬಾಯಿ

ತಾ.ಕ. ಮೇಲೆ ಬರೆಯಲು ಕೈ ಬರಲಿಲ್ಲ. ಅವ್ವ ತೀರಿದ್ದು ನಿನಗೆ ಇನ್ನೂ ಗೊತ್ತಿಲ್ಲವೆಂದು ಅಂಬಾ ತಿಳಿದಿದ್ದಾಳೆ. ಅವಳಿಗೆ ಬರೆಯುವ ಕಾಗದಗಳಲ್ಲಿ, ಅವ್ವ ಬಂದ ಮೇಲೆ ಮೂವರೂ ಪಂಢರಪುರಕ್ಕೆ ಹೋಗೋಣ ಎಂದು ನೀನು ಬರೆಯುತ್ತೀಯಲ್ಲ, ಅದಕ್ಕೆ. ‘ಅಪ್ಪಗ ತಿಳಿಸಬ್ಯಾಡ್ರಿ ಅತ್ಯಾ, ಅಲ್ಲೆ ಅವನ ಹತ್ರ ಯಾರೂ ಇಲ್ಲ’ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಆ ಮಾತನ್ನು ಈಗ ಮುರಿದೆ. ನಿನಗೆ ಗೊತ್ತಿದೆ ಎಂದು ಅವಳಿಗೆ ನೀನೇ ಬರೆ, ಇದು ಕೈಸೇರಿದ ದಿನವೇ.