ಯಂತ್ರ ಆಫ್ ಮಾಡಿ ಅಳೆದ ಸೊನ್ನೆ

ವಿಕಿರಣ ಸುರಕ್ಷತೆಯ ಮಾನ್ಯ ಅಧಿಕಾರಿಗಳೇ,

ಮೊದಲು ನನ್ನ ಚಪ್ಪಾಳೆ ಸ್ವೀಕರಿಸಿ! ಹುಲಿಯನ್ನು ಆಚೆ ಕಳಿಸಿ, ಖಾಲಿ ಬೋನು ನೋಡಿ, ‘ಇಲ್ಲಿ ಹುಲಿಯಿಲ್ಲ’ ಎಂದು ಮೊಹರು ಒತ್ತುವ ಧೈರ್ಯ ನಿಮ್ಮ ಇಲಾಖೆಗಲ್ಲದೆ ಇನ್ಯಾರಿಗಿದೆ?

ನನ್ನ ಅಕ್ಕ ದರ್ಜಿ. ಅವಳ ಎದೆಯೊಳಗೆ, ಹೃದಯ ಮಿಡಿತ ತಪ್ಪಿದಾಗ ತಟ್ಟಿ ನಡೆಸುವ ಪೇಸ್‌ಮೇಕರ್ ಇದೆ. ಅಂಗಡಿಯ ಗೋಡೆಯಾಚೆ ಮಂಡಿನೋವಿನ ಚಿಕಿತ್ಸಾಲಯ. ಅಲ್ಲಿ ಮಿಡಿ ಮಿಡಿದು ಕಾಂತಕ್ಷೇತ್ರ ಎಸೆಯುವ ಯಂತ್ರ. ನಡುವೆ ಒಂದೇ ಇಟ್ಟಿಗೆಯ ದಪ್ಪ. ಅಕ್ಕನಿಗೆ ಅಪಾಯವಿದೆಯೇ, ಅಳೆದು ನೋಡಿ ಎಂದು ಮುನ್ನೆಚ್ಚರಿಕೆಗೆ ದೂರು ಕೊಟ್ಟೆವು. ನಿಮ್ಮ ವರದಿ: ‘ಕ್ಷೇತ್ರಬಲ ಸೊನ್ನೆ.’

ಆ ಸೊನ್ನೆಯ ಜನನಕ್ಕೆ ನಾನೇ ಸಾಕ್ಷಿ. ನಲವತ್ತು ವರ್ಷ ರಂಗದ ಮೇಲೆ ರಾಜನಾಗಿ ಕುಣಿದು ಸವೆಸಿದ ಮಂಡಿಯನ್ನು ಅದೇ ಯಂತ್ರದ ಬಳೆಯೊಳಗಿಟ್ಟು ಮಲಗಿದ್ದೆ. ಮೀಟರ್ ಹಿಡಿದು ತಾವು ಪ್ರವೇಶಿಸಿದಿರಿ.

“ಅದನ್ನ ಆಫ್ ಮಾಡಿ. ಓಡ್ತಿದ್ರೆ ಮುಳ್ಳು ಒಂದು ಕಡೆ ನಿಲ್ಲಲ್ಲ, ಏನಂತ ಬರ್ಕೊಳ್ಳಲಿ?”

“ಸಾರ್, ಮುಳ್ಳು ಕುಣಿಯೋದೇ ಅಲ್ವಾ ನಮ್ಮ ದೂರು?”

“ನೀವು ಪೇಷಂಟು. ಸುಮ್ನೆ ಮಲ್ಕೊಳ್ಳಿ.”

ಮಲಗಿದೆ. ರಾಜನೇ ಮಲಗಿದ ಮೇಲೆ ರಾಜ್ಯದ ಗತಿಯೇನು!

ಸ್ವಾಮಿ, ಕ್ಷೇತ್ರ ಸೊನ್ನೆಯಾದರೆ ಮೂರೇ ವಾರದಲ್ಲಿ ನನ್ನ ಬಲಮಂಡಿಯನ್ನು ವಾಸಿ ಮಾಡಿದ್ದು ಯಾವುದು, ನಿಮ್ಮ ಮೊಹರೇ? ಎರಡೆರಡು ಮೆಟ್ಟಿಲು ಹಾರಿಕೊಂಡು ಅಂಗಡಿಗೆ ಹೋದೆ, ಜಂಬ ಕೊಚ್ಚಲು. ಅಕ್ಕ ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು.

“ಅಕ್ಕಾ! ಏನಾಯ್ತೇ?”

“ಏನಿಲ್ಲ ಕಣೋ. ಹನ್ನೊಂದಕ್ಕೆ ಮಿಷನ್ ಶುರುವಾದ್ರೆ ದಿನಾ ಹಿಂಗೇ, ತಲೆ ಸುತ್ತುತ್ತೆ. ನಿನ್ನ ಮಂಡಿ ಹೇಗಿದೆ?”

ಜಂಬ ಅಲ್ಲೇ ಜರ್ರನೆ ಇಳಿಯಿತು. ಹೃದಯದ ವೈದ್ಯರು ಪೇಸ್‌ಮೇಕರಿನ ದಾಖಲೆ ತೆಗೆದು ನೋಡಿದರು. ಯಂತ್ರದ ಮಿಡಿತವನ್ನು ಹೃದಯದ ಮಿಡಿತವೆಂದೇ ನಂಬಿ, ಪೇಸ್‌ಮೇಕರ್ ತನ್ನ ಕೆಲಸ ನಿಲ್ಲಿಸಿ ಕೂರುತ್ತಿದೆಯಂತೆ. ಪಕ್ಕದ ರಂಗದ ನಟ ಆಡಿದ ಮಾತು ಕೇಳಿ, ನಮ್ಮ ನಟನೇ ಆಡಿದನೆಂದು ಪರದೆಯ ಹಿಂದೆ ಮಾತು ಹೇಳಿಕೊಡುವವನು ಬಾಯಿ ಮುಚ್ಚಿದರೆ ನಾಟಕ ಏನಾದೀತು? ಇಲ್ಲಿ ನಿಲ್ಲುವುದು ನಾಟಕವಲ್ಲ, ನನ್ನ ಅಕ್ಕ.

ಚಿಕಿತ್ಸಾಲಯದವರು ಒಳ್ಳೆಯವರೇ. “ಆ ತುದಿ ಕೋಣೆಗೆ ಸಾಗಿಸೋಕೆ ನಾವು ರೆಡಿ. ಆದ್ರೆ ಸೊನ್ನೆ ಅಂತ ಅವರೇ ಬರೆದ ಮೇಲೆ ಯಾವ ಕಾರಣ ತೋರಿಸಿ ಸಾಗಿಸೋದು?” ಎನ್ನುತ್ತಾರೆ.

ಸೊನ್ನೆ ಅಳೆದ ದಿನವೇ ನೀವು ಅಕ್ಕನ ಬಳಿ ಪ್ಯಾಂಟಿಗೆ ಅಳತೆ ಕೊಟ್ಟಿರಿ, ನೆನಪಿದೆಯೇ? ಟೇಪು ಹಿಡಿದ ಅಕ್ಕ, “ಸಾರ್, ನೀವಿದ್ರೆ ಹೊಟ್ಟೆ ಅಲ್ಲಾಡುತ್ತೆ, ಆಚೆ ಹೋಗಿ” ಎಂದಳೇ? ಹಾಗೆ ಅಳೆದಿದ್ದರೆ ನಿಮ್ಮ ಸೊಂಟವೂ ಸೊನ್ನೆ!

ಆದ್ದರಿಂದ ಹನ್ನೊಂದಕ್ಕೆ ಸರಿಯಾಗಿ ಬನ್ನಿ. ಯಂತ್ರ ಓಡಲಿ. ಮೀಟರನ್ನು ಅಕ್ಕನ ಸ್ಟೂಲಿನ ಮೇಲಿಡಿ. ಮುಳ್ಳು ಎಷ್ಟು ಕುಣಿಯುತ್ತದೋ ಅಷ್ಟನ್ನೂ ಬರೆಯಿರಿ. ಅಲ್ಲಿಯವರೆಗೆ ಅಕ್ಕ ಹನ್ನೊಂದಾಗುತ್ತಲೇ ಅಂಗಡಿ ಬಿಟ್ಟು ಎದುರಿನ ಕಟ್ಟೆಯ ಮೇಲೆ ಕೂರುತ್ತಾಳೆ. ನಿಮ್ಮ ಪ್ಯಾಂಟಿಗೆ ಸದ್ಯ ಒಂದೇ ಕಾಲು.

ಇಂತಿ,
ಬಲಮಂಡಿ ವಾಸಿಯಾಗಿ, ಎಡಮಂಡಿಯನ್ನು ಅಕ್ಕನ ಸಲುವಾಗಿ ನೋಯಲು ಬಿಟ್ಟಿರುವ,
ಕುಂಟುವ ಮಾಜಿ ಮಹಾರಾಜ