ಮುತ್ತುಗದ ಎರಡನೆಯ ಹೆಸರು

ಹಾರನಹಳ್ಳಿ
12-9-1998

ಪ್ರೀತಿಯ ಮೀನಾಗೆ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ವಾರವಾಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಲೆಗೆ ಬೆಂಕಿ ಹಾಕಿದ್ದೇವೆ, ಶಾಖ ಏರುಪೇರಾಗದಂತೆ ಕಾಯುವವಳಿಗೆ ಪೆನ್ನು ಹಿಡಿಯಲು ಪುರುಸೊತ್ತಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ನಿನ್ನ ನಾದಿನಿಯ ಹೆಸರೂ ಮೀನಾ, ಒಂದೇ ಮನೆಯಲ್ಲಿ ಇಬ್ಬರು ಬೇಡ ಅಂತ ಬರುವ ದಸರೆಗೆ ನಿನಗೆ ಸೌಂದರ್ಯ ಎಂದು ಹೆಸರಿಡುತ್ತಾರೆ, ಒಪ್ಪಲೋ ಬೇಡವೋ ಎಂದು ಕೇಳಿದ್ದೀಯ. ನಿಮ್ಮಪ್ಪನಿಗೆ ಓದಿ ಹೇಳಿದೆ. "ಕೆ.ಆರ್. ನಗರದ ಬೀಗ್ರು ಒಳ್ಳೇ ಜನ. ಒಂದ್ಕಂಡು ಓಗ್ಲಿ ಬುಡು, ಒಂದೆಸ್ರಿಗೆ ಜಗ್ಳ ಯಾಕೆ?" ಅಂದರು. ಅವರ ಹೆಸರನ್ನು ಯಾರೂ ಮುಟ್ಟಿಲ್ಲವಲ್ಲ, ಹೇಳುವುದು ಸಲೀಸು.

ನಿನ್ನ ತಂಗಿ ಅನು ಬ್ಯಾರನ್ ಪಕ್ಕದಲ್ಲೇ ಕೂತು ಪಿಯುಸಿ ಬಯಾಲಜಿ ಓದುತ್ತಿದ್ದಳು. ಗಿಡಮರ, ಪ್ರಾಣಿಗಳಿಗೆಲ್ಲ ಪ್ರಪಂಚದಾದ್ಯಂತ ನಡೆಯುವ ಎರಡು ಮಾತಿನ ಹೆಸರಿದೆಯಂತೆ. ಮೊದಲನೆಯದು ಕುಲದ್ದು, ಎರಡನೆಯದು ಅದರ ಸ್ವಂತದ್ದು. ನಾವು ಊಟದೆಲೆ ಹಚ್ಚುವ ಮುತ್ತುಗವನ್ನು ಮೊದಲು ಹಾಲವಾಣ ಮರದ ಕುಲಕ್ಕೆ ಸೇರಿಸಿ ಎರಿತ್ರಿನಾ ಮೊನೊಸ್ಪರ್ಮ ಅಂದಿದ್ದರಂತೆ. ಆಮೇಲೆ ಬೇರೆ ಕುಲಕ್ಕೆ ಹಾಕಿದಾಗ ಬೂಟಿಯಾ ಮೊನೊಸ್ಪರ್ಮ ಆಯಿತಂತೆ.

"ಎಲ್ಡ್ನೇದು ಯಾಕೆ ಬದ್ಲಾಗ್ನಿಲ್ಲ?" ಅಂದೆ.

"ಕುಲ ಬದ್ಲಾದ್ರೆ ಮೊದ್ಲುನೇದು ಬದ್ಲಾಯ್ತದೆ. ಎಲ್ಡ್ನೇದು ಜೊತೇಲೇ ಓಯ್ತದೆ. ಅದು ರೂಲ್ಸು ಕಣವ್ವ," ಅಂದಳು.

ಆ ರೂಲ್ಸು ಮಾಡಿದವರನ್ನು ಕೂರಿಸಿ ಒಂದು ಲೋಟ ಕಾಫಿ ಕೊಡಬೇಕು ಅನಿಸಿತು. ಅದಕ್ಕೇ ಹೇಳುತ್ತೇನೆ, ನೀನು ಒಪ್ಪಬೇಡ. ಇನಿಷಿಯಲ್ ಬೇಕಾದರೆ ಬದಲಾಯಿಸಲಿ, ಈಗ ನೀನು ಆ ಮನೆಯವಳೇ. ಮೀನಾ ಅನ್ನುವುದು ನಿನ್ನ ಜೊತೆ ಹೋದದ್ದು. ದೊಡ್ಡ ಮೀನಾ, ಚಿಕ್ಕ ಮೀನಾ ಅಂತ ಕರೆದುಕೊಳ್ಳಿ ಎಂದು ನಿಮ್ಮತ್ತೆಗೆ ನಯವಾಗಿ ಹೇಳು. ಕೋಪ ಬಂದರೆ ನಮ್ಮವ್ವ ಹೇಳಿಕೊಟ್ಟಳು ಅನ್ನು, ಬೈಗುಳ ನನಗೇ ಬರಲಿ. ನಿಮ್ಮಪ್ಪನಿಗೆ ಈ ಕಾಗದ ತೋರಿಸಿಲ್ಲ.

ನಾಚಿಕೊಳ್ಳದೆ ಹೊಟ್ಟೆ ತುಂಬ ಉಣ್ಣು. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಇಬ್ಬರೂ ನಗುನಗುತ್ತಾ ಬಾಳಿ.

ನಿನ್ನ ಅವ್ವ,
ರಾಮಮ್ಮ

ವಿ.ಸೂ.: ನನ್ನವ್ವ ನನಗಿಟ್ಟ ಹೆಸರು ಕೆಂಪಾಜಮ್ಮ. ನನ್ನತ್ತೆಯ ಹೆಸರೂ ಅದೇ ಅಂತ ಈ ಮನೆಗೆ ಬಂದಾಗ ರಾಮಮ್ಮ ಮಾಡಿದರು. ಹೋದ ತಿಂಗಳು ತವರಿಗೆ ಹೋಗಿದ್ದೆನಲ್ಲ, ಅಂತರಸಂತೆಯ ಸಂತೆಯಲ್ಲಿ ನನ್ನ ಚಿಕ್ಕಂದಿನ ಗೆಳತಿ ಬೀರಮ್ಮ ನನ್ನನ್ನು ಕಂಡು ಹಿಂದಿನಿಂದ ಕೂಗಿದಳಂತೆ. "ಕೆಂಪಾಜಿ, ಕೆಂಪಾಜಿ ಅಂತ ಬಾಯ್ ಬಡ್ಕಂಡ್ರೂ ತಿರುಗ್ನಿಲ್ಲ ಕಣಪ್ಪ, ಏನ್ ದಿಮಾಕು ನಿಮ್ಮಕ್ಕಂಗೆ," ಅಂತ ನನ್ನ ತಮ್ಮನ ಹತ್ತಿರ ಅತ್ತಳಂತೆ. ಅವಳು ಕೂಗಿದ್ದು ನನಗೆ ಕೇಳಿಸಿತ್ತು ಕಣೇ. ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಬಸ್ಸು ಹತ್ತಿದೆ.