ಕಿಟಕಿಯ ಮುಂದೆ ತಪ್ಪಾಗಿ ನಿಂತ ಸಾಲು

ಟೀಚರಮ್ಮನಿಗೆ, ನಿಮ್ಮ ಕ್ಲಾಸಿನ ‘ಹ್ಯಾವ್’ ಮಾಡುವ ನಮಸ್ಕಾರಗಳು.

ಇವತ್ತು ನನ್ನ ಉಪವಾಸದ ದಿನ. ಬೆಳಗ್ಗೆ ಎದ್ದು ನೀರು ತುಂಬಿಸಿ, ಬಾಗಿಲ ಮುಂದೆ ಗುಡಿಸಿ, ಮನೆಯವರಿಗೆ ಅಡುಗೆ ಮುಗಿಸಿ, ದೇವರ ಮುಂದೆ ದೀಪ ಹಚ್ಚಿ, ಎರಡು ಬಕೆಟ್ ಬಟ್ಟೆ ಒಣಹಾಕಿ ಬಂದು ಕೂತಿದ್ದೇನೆ. ವಾರವೆಲ್ಲ ಆಸ್ಪತ್ರೆಯ ಬಟ್ಟೆ, ರಜೆಯ ದಿನ ಮನೆಯ ಬಟ್ಟೆ. “ನಿಮ್ಮ ಹಣೆಯಲ್ಲಿ ದೇವರು ಸೋಪಿನಲ್ಲೇ ಬರೆದಿದ್ದಾನೆ” ಎಂದು ನೀವು ನಗುತ್ತಿದ್ದಿರಿ. ಬಾಯಿ ಕಟ್ಟಿದ ದಿನ ಹೇಳಬೇಕಾದ್ದೆಲ್ಲ ಕೈಗೆ ಬರುತ್ತದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಅತ್ತಿಗೆಯವರು ನಿಮಗೆ ಓದಿ ಹೇಳುತ್ತಾರೆ, ಒಪ್ಪಿಕೊಂಡಿದ್ದಾರೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ. ಇಂಗ್ಲಿಷು ಎಂದರೆ ಔಷಧಿ ಬಾಟಲಿಯ ಮೇಲಿನ ಬರಹ ಎಂದಷ್ಟೇ ಗೊತ್ತಿತ್ತು. ಕುದಿಸದ ಶೀಟುಗಳು ಒಮ್ಮೆ ಆಪರೇಶನ್ ಕೋಣೆಗೆ ಹೋಗಿಬಿಟ್ಟವಲ್ಲ, ಆಮೇಲೆ ಬಂದ ಹೊಸ ನಿಯಮ ನಿಮಗೆ ನೆನಪಿರಬೇಕು. ಪಾಳಿ ಬದಲಾಗುವಾಗ ಯಾವ ಗಾಡಿಯ ಬಟ್ಟೆ ಆಗಲೇ ಕುದ್ದಿದೆ, ಯಾವುದು ಇನ್ನೂ ಕುದ್ದಿಲ್ಲ, ಯಾವುದನ್ನು ಕುದಿಸಲು ಮರೆತಿದ್ದೇವೆ ಎಂಬುದನ್ನೆಲ್ಲ ಮೇಲಿನ ನರ್ಸಿಗೆ ಇಂಗ್ಲಿಷಿನಲ್ಲೇ ಒಪ್ಪಿಸಬೇಕು. ಅವರಿಗೆ ನಮ್ಮ ಮಾತು ಬಾರದು. ನಮಗೋ, ‘ಕುದ್ದಿದೆ’ ಎನ್ನುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು.

ಅದನ್ನು ನಮಗೆ ಕಲಿಸಲು ನೀವು ಬಂದ ಮೊದಲ ಸಂಜೆ ಪುಸ್ತಕ ತೆಗೆಯಲೇ ಇಲ್ಲ. ಮಡಿಸುವ ಮೇಜನ್ನು ಗೋಡೆಗೆ ತಳ್ಳಿಸಿ, ಹಳೆಯ ರಟ್ಟಿನ ಡಬ್ಬ ಹರಿದು ಕಾರ್ಡು ಮಾಡಿ, ಒಂದೊಂದರ ಮೇಲೆ ಒಂದೊಂದು ಮಾತು ಬರೆದು ನಮ್ಮ ಕೊರಳಿಗೆ ಹಾಕಿದಿರಿ. ಗೋಡೆಯ ಹಾಗಿರುವ ನನಗೆ ‘ಹ್ಯಾವ್’. ಬಾಯ್ಲರ್ ನೋಡಿಕೊಳ್ಳುವ ಉದ್ದಣ್ಣನಿಗೆ ‘ಬಾಯ್ಲ್ಡ್’. ಇಸ್ತ್ರಿ ಮಾಡುವ ಸಣ್ಣಕ್ಕನಿಗೆ ‘ಆಲ್ರೆಡಿ’. ಅವಳನ್ನು ನೀವು ಅಂಗೈಯಿಂದ ಮೆಲ್ಲಗೆ ತಳ್ಳಿ ನಮ್ಮಿಬ್ಬರ ನಡುವೆ ತೂರಿಸಿದಿರಿ. “ಹೊರಗೆ ನಿಂತ್ರೆ ಚಳಿ ಆಗತ್ತೆ ಸಣ್ಣಕ್ಕ, ಒಳಗೆ ಹೋಗಿ. ನಿಮ್ಮ ಜಾಗ ಅದೇ.” ಅವಳು ಮೂಗು ಮುಚ್ಚಿಕೊಂಡು, “ಮೇಡಂ, ಈ ಉದ್ದಣ್ಣನ ಪಕ್ಕ ನಿಲ್ಲೋದಕ್ಕಿಂತ ಚಳಿಯೇ ವಾಸಿ” ಎಂದಳು.

ನಾನು ವಾದಕ್ಕೆ ನಿಂತೆ. “ನಮ್ಮ ಮಾತಲ್ಲಿ ‘ಆಗಲೇ’ ಅನ್ನೋದನ್ನ ಹಿಂದೆ ಇಟ್ರೂ ನಡೆಯತ್ತೆ, ಮುಂದೆ ಇಟ್ರೂ ನಡೆಯತ್ತೆ. ಇಂಗ್ಲಿಷಿಗೆ ಯಾಕೆ ಇಷ್ಟು ಜಂಬ?” ನೀವು ಹೇಳಿದಿರಿ: “ಜಂಬ ಅಲ್ಲಮ್ಮ, ಮಡಿಕೆ. ನೀವು ಶೀಟು ಮಡಿಸೋವಾಗ ಅಂಚನ್ನ ಒಳಗೆ ಹಾಕ್ತೀರೋ, ಹೊರಗೆ ಬಿಡ್ತೀರೋ?” ಒಳಗೇ ಹಾಕುತ್ತೇನೆ ಎಂದು ಒಪ್ಪಿಕೊಂಡೆ. ‘ಟು’ ಮತ್ತು ಅದರ ನಂತರ ಬರುವ ಕ್ರಿಯಾಪದ ಕೈ ಹಿಡಿದೇ ನಿಲ್ಲಬೇಕು ಎಂದು ಕಲಿಸಿದಿರಿ. “ಇವರ ನಡುವೆ ದೊಡ್ಡ ದೊಡ್ಡ ಬರಹಗಾರರು ಯಾರ್ಯಾರನ್ನೋ ನುಗ್ಗಿಸ್ತಾರೆ. ನಮ್ಮ ಕ್ಲಾಸಲ್ಲಿ ಅದು ಬೇಡ.” ಸಾಲು ತಪ್ಪಿದರೆ ನಿಮಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬಂದು ಭುಜಕ್ಕೆ ಅಂಗೈ ಹಚ್ಚಿ ತಳ್ಳುತ್ತಿದ್ದಿರಿ, ಅಷ್ಟೇ.

ಹಾಗೆ ತಳ್ಳಲು ಬಂದ ಕೈಯೇ ಒಂದು ಸಂಜೆ ಕ್ಲಾಸಿನ ನಡುವೆ ನನ್ನ ಭುಜದ ಮೇಲಿಂದ ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ಉದ್ದಣ್ಣ ನಿಮ್ಮನ್ನು ಎತ್ತಿ ಬಟ್ಟೆ ಗಾಡಿಯ ಮೇಲೆ ಮಲಗಿಸಿ ಲಿಫ್ಟಿಗೆ ಓಡಿದ. ನಾವೇ ಒಗೆದ ಶೀಟಿನ ಮೇಲೆ ನೀವು ಮೇಲಕ್ಕೆ ಹೋದಿರಿ. ನಾನು ಕೊರಳಲ್ಲಿದ್ದ ಕಾರ್ಡು ತೆಗೆಯುವುದನ್ನೂ ಮರೆತು ದೇವರನ್ನು ಕರೆಯುತ್ತಾ ಮೆಟ್ಟಿಲು ಹತ್ತಿದೆ. ಲಕ್ವ ಎಂದರು. ಬಲಗೈ ಹೋಯಿತು, ಮಾತು ಹೋಯಿತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು ನೀವು. ದೇವರ ಲೆಕ್ಕ ನನಗೆ ತಿಳಿಯುವುದಿಲ್ಲ. ತಿಳಿಯುತ್ತದೆ ಎಂದು ಸುಳ್ಳು ಹೇಳುವುದಿಲ್ಲ.

ಹೋದ ವಾರ ನಿಮ್ಮ ಅಣ್ಣನ ಮನೆಗೆ ನಾವೆಲ್ಲ ಬಂದಾಗ ಅವರು ಬಾಗಿಲಲ್ಲೇ ಹೇಳಿದರು, “ಬಂದು ಏನು ಮಾಡ್ತೀರಿ? ಮಾತು ಮಾತ್ರ ಹೋಗಿದ್ದಿದ್ರೆ ಪರವಾಗಿಲ್ಲ. ಒಳಗೇ ಯಾರೂ ಇಲ್ಲ.” ಅವರು ಕೆಟ್ಟವರಲ್ಲ. ನಿಮ್ಮನ್ನು ಎತ್ತಿ ಕೂರಿಸಿ, ಮಲಗಿಸಿ ಅವರ ಬೆನ್ನು ಬಿದ್ದುಹೋಗಿದೆ, ಕಣ್ಣಲ್ಲಿ ನಿದ್ದೆ ಇಲ್ಲ. ಬರುವ ಸೋಮವಾರ ನಿಮ್ಮನ್ನು ಆರೈಕೆ ಕೇಂದ್ರಕ್ಕೆ ಕಳಿಸುತ್ತಾರಂತೆ. ಏನೂ ತಿಳಿಯದವರನ್ನು ಇಡುವ ಹಿಂದಿನ ಕೋಣೆಗೆ ಹೆಸರು ಕೊಟ್ಟಾಗಿದೆಯಂತೆ.

ಆ ಕೇಂದ್ರದ ಬಟ್ಟೆಯೂ ನಮ್ಮಲ್ಲಿಗೇ ಬರುತ್ತದೆ, ಟೀಚರಮ್ಮ. ಮುಂದಿನ ಕೋಣೆಗಳದ್ದು ಶೀಟು, ಟವೆಲ್ಲು. ಹಿಂದಿನ ಕೋಣೆಯಿಂದ ಅವುಗಳ ಜೊತೆಗೆ ಅಗಲವಾದ ಬಟ್ಟೆ ಪಟ್ಟಿಗಳೂ ಬರುತ್ತವೆ. ಮಂಚದ ಕಂಬಿಗೆ ಕೈ ಕಟ್ಟುವ ಪಟ್ಟಿಗಳು. ಎಷ್ಟು ಕುದಿಸಿದರೂ ಮಣಿಕಟ್ಟಿನ ಕಲೆ ಹೋಗುವುದಿಲ್ಲ. ಅವನ್ನು ಮಡಿಸುವ ಕೈ ನನ್ನದು. ಇದನ್ನು ಓದುವಾಗ ನಿಮ್ಮ ಅತ್ತಿಗೆಯವರ ದನಿ ನಿಂತರೆ, ನಿಲ್ಲಲಿ.

ಆವತ್ತು ನಿಮ್ಮ ಅಣ್ಣನ ಮನೆಯ ಒಳಗೆ ಎಲ್ಲರಿಗೂ ಜಾಗ ಇರಲಿಲ್ಲ. ಕಿಟಕಿಯ ಆಚೆ ಅಂಗಳದಲ್ಲಿ ಕಾರ್ಡು ಹಾಕಿಕೊಂಡು ನಿಂತೆವು. ನಿಮಗೆ ಸಂತೋಷವಾಗಲಿ ಎಂದಷ್ಟೇ. ನಿಮ್ಮನ್ನು ಆ ಸ್ಥಿತಿಯಲ್ಲಿ ಕಂಡು ಸಣ್ಣಕ್ಕ ತನ್ನ ಜಾಗವನ್ನೇ ಮರೆತಳು. ನನ್ನ ಪಕ್ಕ ಬರಬೇಕಾದವಳು ಹೋಗಿ ಉದ್ದಣ್ಣನ ಆಚೆ ನಿಂತುಬಿಟ್ಟಳು. ಆಗ ಹೊದಿಕೆಯ ಮೇಲಿದ್ದ ನಿಮ್ಮ ಎಡಗೈ ಎದ್ದಿತು. ಅಂಗೈ ಅಗಲವಾಗಿ ತೆರೆದು, ಅವಳು ಯಾವ ಕಡೆಗೆ ಸರಿಯಬೇಕಿತ್ತೋ ಆ ಕಡೆಗೇ ಗಾಳಿಯನ್ನು ತಳ್ಳಿತು. ನಾನು ನೋಡಿದೆ.

ಕೂಗಿ ನಿಮ್ಮ ಅಣ್ಣನನ್ನು ಕರೆದೆ. ಅವರು ಬರುವಷ್ಟರಲ್ಲಿ ಕೈ ಮಡಿಲಲ್ಲಿತ್ತು. “ಆ ಕೈ ಆಗಾಗ ತಾನಾಗೇ ಆಡತ್ತೆ” ಎಂದರು. ಅವರಿಗೂ ಕಾಣಲಿ ಎಂದು ಸಾಲು ಮತ್ತೆ ತಪ್ಪಿಸಿ ನಿಂತೆವು. ‘ಟು’ವನ್ನು ಕೈ ಬಿಡಿಸಿ ದೂರ ನಿಲ್ಲಿಸಿದೆವು. ನೀವು ನಮ್ಮನ್ನು ಒಂದು ಸಲ ನೋಡಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡಿರಿ.

ಯಾಕೆ? ಇದೊಂದೇ ನನ್ನನ್ನು ತಿನ್ನುತ್ತಿದೆ. ಜೊಲ್ಲು ಸುರಿಯುವ ಬಾಯಿಯನ್ನು ನಾವು ಕಂಡೆವೆಂದು ನಾಚಿಕೆಯೇ? ದಿನವೂ ನಾನು ಬಿಡಿಸುವ ಬಟ್ಟೆಯಲ್ಲಿ ಏನೇನಿರುತ್ತದೆ ಎಂದು ನಿಮಗೆ ಗೊತ್ತು. ನನ್ನೆದುರು ನಾಚಿಕೆ ಬೇಡ. ಅಣ್ಣನ ಬೆನ್ನಿನ ನೋವು ನೋಡಲಾರದೆ ನೀವೇ ಹೋಗುವ ಮನಸ್ಸು ಮಾಡಿದ್ದೀರಾ? ಅಥವಾ ನಾನು ಕಂಡದ್ದೇ ತಪ್ಪೋ? ಕಾಣಬೇಕೆಂದು ಹಂಬಲಿಸಿದ್ದು ಕಣ್ಣಿಗೆ ಕಂಡಂತೆ ಆಗುವುದೂ ಉಂಟು. ಅದನ್ನೂ ದೇವರ ಮುಂದೆ ಕೂತು ಯೋಚಿಸಿದ್ದೇನೆ.

ಈ ಕಾಗದದ ಜೊತೆ ಕೆಲವು ಕಾರ್ಡು ಇಟ್ಟಿದ್ದೇನೆ. ಸಣ್ಣಕ್ಕ ಅಂದವಾಗಿ ಬರೆದಿದ್ದಾಳೆ. ಐ, ಹ್ಯಾವ್, ನಾಟ್, ಯೆಟ್, ಆಲ್ರೆಡಿ, ಡಿಸೈಡೆಡ್, ಟು, ಗೋ, ಸ್ಟೇ. ಬೇಕಾದ್ದನ್ನು ಎಡಗೈಯಿಂದ ಸರಿಸಿ ಸಾಲು ಮಾಡಿ. ಇಲ್ಲೇ ಇರಲು ತೀರ್ಮಾನಿಸಿದ್ದೇನೆ ಎಂದು ಬಂದರೆ ನಾನು ಪಾಳಿ ಮುಗಿಸಿ ದಿನವೂ ಬಂದು ನಿಮ್ಮನ್ನು ಎತ್ತಿ ಕೂರಿಸುತ್ತೇನೆ. ಇಷ್ಟು ದಪ್ಪ ಮೈಯನ್ನು ದೇವರು ಸುಮ್ಮನೆ ಕೊಟ್ಟಿರಲಾರ. ಇನ್ನೂ ತೀರ್ಮಾನಿಸಿಲ್ಲ ಎಂದು ಬಂದರೆ ಸೋಮವಾರವನ್ನು ಮುಂದಕ್ಕೆ ಹಾಕಿ ಎಂದು ನಿಮ್ಮ ಅಣ್ಣನ ಕಾಲಿಗೆ ಬೀಳುತ್ತೇನೆ. ಹೋಗಲು ಆಗಲೇ ತೀರ್ಮಾನಿಸಿದ್ದೇನೆ ಎಂದು ಬಂದರೂ ಸರಿ, ಅತ್ತು ಸುಮ್ಮನಾಗುತ್ತೇನೆ. ಆದರೆ ಹೇಳಿದವರು ನೀವು ಎಂದಾಗುತ್ತದೆ. ಹೇಳಬಲ್ಲವರನ್ನು ಹಿಂದಿನ ಕೋಣೆಗೆ ಹಾಕುವುದಿಲ್ಲ. ಆ ಕೈಗೆ ಪಟ್ಟಿ ಕಟ್ಟುವುದಿಲ್ಲ. ಪೂರಾ ಸಾಲು ಆಗದಿದ್ದರೆ ಒಂದೇ ಒಂದು ಕಾರ್ಡನ್ನು ಅದರ ಜಾಗಕ್ಕೆ ತಳ್ಳಿ. ನನಗೆ ಅಷ್ಟು ಸಾಕು.

ದೇವರು ನಿಮ್ಮ ಎಡಗೈಯನ್ನು ಕಾಯಲಿ. ನಿಮ್ಮ ಕ್ಲಾಸಿನಲ್ಲಿ ನಿಂತು ಕಲಿತವಳು, ನಿಂತೇ ಕಾಯುವವಳು,

ಬಟ್ಟೆ ಮಡಿಸುವ ನಿಮ್ಮ ‘ಹ್ಯಾವ್’.

ಓದುತ್ತಿರುವ ಅತ್ತಿಗೆಯವರೇ, ಇನ್ನು ಮುಂದಿನದು ನಿಮಗೆ. ಕಾರ್ಡುಗಳನ್ನು ಅವರ ಎಡಗಡೆ ತಟ್ಟೆಯ ಮೇಲೆ ಹರಡಿಟ್ಟು, ದಯವಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ. ಅವರಿಗೆ ಯಾರಾದರೂ ನೋಡುತ್ತಿದ್ದರೆ ಆಗುವುದಿಲ್ಲ. ಆಮೇಲೆ ತಟ್ಟೆ ಹೇಗಿದೆಯೋ ಹಾಗೇ ಎತ್ತಿ. ಓರೆಯಾಗಿದ್ದರೂ ನೀವು ನೇರ ಮಾಡಬೇಡಿ. ಮೊದಲು ನಿಮ್ಮ ಮನೆಯವರಿಗೆ ತೋರಿಸಿ. ಸಂಜೆ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಅಂಗಳದಲ್ಲಿ ಗಾಳಿ ಇರುತ್ತದೆ, ತಟ್ಟೆಯ ಮೇಲೆ ಸೆರಗು ಹಿಡಿದು ತನ್ನಿ. ಅವರು ಒಂದನ್ನೂ ಮುಟ್ಟಿರದಿದ್ದರೆ ಅದನ್ನೂ ಹಾಗೇ ತಂದುಕೊಡಿ.